ಹುಂಜಾ ಕಣಿವೆಯವರ ಆಯಸ್ಸು: ನಿಜ ಎಷ್ಟು? ದುರ್ಗದ ಹಿರಿಯರಿಗೆ ಅದರಿಂದ ಏನು ಉಪಯೋಗ?

ಕೋಟೆಬಯಲು (ಚಿತ್ರದುರ್ಗ):
ಗಿಲ್ಗಿಟ್ ಕಡೆಯ ಹುಂಜಾ ಕಣಿವೆಯವರು 120–140 ವರ್ಷ ಬದುಕುತ್ತಾರೆ, ಅದಕ್ಕೆ ಏಪ್ರಿಕಾಟ್ ಬೀಜದ ತಿರುಳೇ ಕಾರಣ ಅಂತ ವಾಟ್ಸಾಪ್‌ನಲ್ಲಿ ಬರ್ತಾನೇ ಇದೆ. 72 ವರ್ಷದ, 55 ಕೆಜಿ ತೂಕದ, ಬಿಪಿ ಮಾತ್ರೆ ತಗೊಳ್ಳೋ ಹಿರಿಯರಿಗೆ ಆ ತಿರುಳು ಕೊಡಬಹುದಾ? ಬೆಟ್ಟ ಹತ್ತೋದೇ ಕಾರಣ ಅಂತಾದರೆ ದಿನಾ ಕೋಟೆ ಹತ್ತಿಸಬಹುದಾ? ತಿಳಿದವರು ಹೇಳ್ರಿ.

ಹಳೇಕಡತ (ದಾವಣಗೆರೆ):
ಮೊದಲು ವಯಸ್ಸನ್ನೇ ಪರೀಕ್ಷೆ ಮಾಡಬೇಕು ಸರ್. ಹುಂಜಾದಲ್ಲಿ ಆ ಕಾಲದ ಜನನ ನೋಂದಣಿಯೇ ಇಲ್ಲ, 140 ಅನ್ನೋದು ಬರೀ ಬಾಯಿಮಾತು. ಇಕ್ವೆಡಾರ್‌ನ ವಿಲ್ಕಬಂಬಾ ಹಳ್ಳಿಯ ಬಗ್ಗೆಯೂ ಹೀಗೇ ಸುದ್ದಿ ಹಬ್ಬಿತ್ತು. ಮಝೆಸ್, ಫೋರ್ಮನ್ ಎಂಬ ಸಂಶೋಧಕರು ಹಳೆಯ ದಾಖಲೆ ತಾಳೆ ನೋಡಿ 1979ರಲ್ಲಿ ಪ್ರಕಟಿಸಿದರು: ನೂರು ಮುಟ್ಟಿದವರು ಒಬ್ಬರೂ ಇಲ್ಲ, ಎಲ್ಲರಿಗಿಂತ ಹಿರಿಯರಿಗೆ 96. ಮುಪ್ಪಾದಂತೆ ವಯಸ್ಸು ಏರಿಸಿ ಹೇಳೋದು ಒಂದು ಕಾರಣ, ಒಂದೇ ಮನೆತನದಲ್ಲಿ ಅದದೇ ಹೆಸರು ಬರೋದು ಇನ್ನೊಂದು. ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮ್ಮೂರಲ್ಲಿ ಹುಡುಕಿದರೂ ಇದೇ ಗೊಂದಲ ಆದೀತು.

ಇದ್ದುದರಲ್ಲಿ ದಾಖಲೆ ಗಟ್ಟಿ ಇರೋದು ಇಟಲಿಯ ಸಾರ್ಡಿನಿಯಾ ದ್ವೀಪದ ಗುಡ್ಡಗಾಡಿನದು. ಜಿಯಾನಿ ಪೆಸ್, ಮಿಷೆಲ್ ಪೌಲೇನ್ ಮತ್ತು ಸಂಗಡಿಗರು 2004ರಲ್ಲಿ ಅದನ್ನು ಗುರುತಿಸಿದರು. ಬೇರೆಡೆ ನೂರು ದಾಟಿದವರಲ್ಲಿ ಹೆಂಗಸರೇ ಬಹಳ. ಅಲ್ಲಿ ಗಂಡಸರೂ ಹೆಚ್ಚುಕಮ್ಮಿ ಅಷ್ಟೇ ಇದ್ದಾರೆ. ಆಮೇಲಿನ ಅಧ್ಯಯನದಲ್ಲಿ ಗಂಡಸರ ಆಯಸ್ಸಿನ ಜೊತೆ ತಾಳೆಯಾದದ್ದು ಕುರಿ ಸಾಕಣೆ, ನೆಲದ ಇಳಿಜಾರು, ಕೆಲಸದ ಜಾಗಕ್ಕೆ ನಡೆಯುವ ದೂರ. ಇದೇ ಕಾರಣ ಅಂತ ಸಾಬೀತಾಗಿಲ್ಲ, ಆದರೆ ಬೀಜಕ್ಕಿಂತ ನಂಬಬಹುದಾದ ಸುಳಿವು.

ನವಣೆಹೊಲ (ಮೊಳಕಾಲ್ಮೂರು):
ಬೀಜ ಬೇಡವೇ ಬೇಡ ರೀ. ಕಹಿ ತಿರುಳಿನಲ್ಲಿರೋ ಅಮಿಗ್ಡಲಿನ್ ಹೊಟ್ಟೆಯಲ್ಲಿ ಒಡೆದು ಸಯನೈಡ್ ಆಗುತ್ತೆ. ಒಂದು ಸಲಕ್ಕೆ ಮೂರು ಸಣ್ಣ ಹಸಿ ತಿರುಳು ದಾಟಿದರೆ ದೊಡ್ಡವರಿಗೂ ಸುರಕ್ಷಿತ ಮಿತಿ ಮೀರಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎಚ್ಚರಿಸಿದೆ. 'ವಿಟಮಿನ್ ಬಿ17' ಅಂತ ಮಾರೋದೂ ಇದನ್ನೇ. ಅಂಥ ವಿಟಮಿನ್ ಇಲ್ಲ.

ನಮ್ಮ ಕಡೆ ಹಿರಿಯರ ತಟ್ಟೆಯಲ್ಲಿ ಕಮ್ಮಿ ಬೀಳೋದು ಪ್ರೋಟೀನ್. ವಯಸ್ಸಾದವರಿಗೆ ಕೆಜಿ ತೂಕಕ್ಕೆ 1–1.2 ಗ್ರಾಂ ಬೇಕು, ಅಂದರೆ 55 ಕೆಜಿಗೆ 55–66 ಗ್ರಾಂ. ಮುದ್ದೆ, ತಿಳಿಸಾರು ಅಷ್ಟೇ ಉಂಡರೆ ಇದರ ಹತ್ತಿರವೂ ಬರಲ್ಲ: 150 ಗ್ರಾಂ ರಾಗಿಹಿಟ್ಟಿಗೆ ಸುಮಾರು 11 ಗ್ರಾಂ. ಅದಕ್ಕೆ ತೊಗರಿಬೇಳೆ 60 ಗ್ರಾಂ (13), ಹಾಲು-ಮೊಸರು ಸೇರಿ 400 ಮಿಲಿ (13), ಶೇಂಗಾ 30 ಗ್ರಾಂ (7), ನವಣೆ ಅಥವಾ ಅಕ್ಕಿ 100 ಗ್ರಾಂ (8ರಿಂದ 12), ಒಂದು ಮೊಟ್ಟೆ (6) ಸೇರಿಸಿ. ಹಲ್ಲಿಲ್ಲದವರಿಗೆ ಶೇಂಗಾ ಪುಡಿ ಮಾಡಿ, ಬೇಳೆ ಕಡೆದು ಗಟ್ಟಿಯಾಗಿ ಬಡಿಸಿ. ಮೂರೂ ಹೊತ್ತಿಗೆ ಹಂಚಿ, ರಾತ್ರಿಗೇ ಗುಡ್ಡೆ ಹಾಕಬೇಡಿ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ಈ ಲೆಕ್ಕ ಅಲ್ಲ, ವೈದ್ಯರು ಹೇಳಿದಷ್ಟೇ.

ಏಣಿಮೆಟ್ಟಿಲು (ದಾವಣಗೆರೆ):
ದಿನಾ ಕೋಟೆ ಹತ್ತಿಸೋದು ಬೇಡ. ಸಾರ್ಡಿನಿಯಾದ ಕುರಿಗಾಹಿಗಳು ಚಿಕ್ಕಂದಿನಿಂದ ಇಳಿಜಾರಲ್ಲೇ ನಡೆದವರು. 72ಕ್ಕೆ ಶುರು ಮಾಡುವವರಿಗೆ ತೊಂದರೆ ಹತ್ತುವಾಗಲ್ಲ, ಇಳಿಯುವಾಗ. ತೊಡೆಯ ಮುಂಭಾಗದ ಸ್ನಾಯು ಚಾಚಿಕೊಳ್ಳುತ್ತಲೇ ಮೈಭಾರ ತಡೀಬೇಕು. ಅದು ಸೋತರೆ ಕಾಲು ನಡುಗುತ್ತೆ, ಮಳೆಯಲ್ಲಿ ನೆನೆದ ಕೋಟೆಗಲ್ಲು ಇನ್ನಷ್ಟು ಜಾರುತ್ತೆ.

ಮೊದಲು ಕಾಲಿನ ಬಲ ಅಳೆಯಿರಿ. ಸುಮಾರು ಒಂದೂವರೆ ಅಡಿ ಎತ್ತರದ, ಕೈ ಇಲ್ಲದ ಕುರ್ಚಿಯನ್ನು ಗೋಡೆಗೆ ಒತ್ತಿ ಇಟ್ಟು, ಕೈಗಳನ್ನು ಎದೆ ಮೇಲೆ ಕಟ್ಟಿಸಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರ್ತಾರೆ ಎಣಿಸಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. 70–74ರ ಗಂಡಸರು 12ಕ್ಕಿಂತ, ಹೆಂಗಸರು 10ಕ್ಕಿಂತ ಕಮ್ಮಿ ಎದ್ದರೆ ಬೀಳುವ ಅಪಾಯ ಇದೆ ಅಂತ ಅರ್ಥ. ಅಂಥವರಿಗೆ ಇದೇ ವ್ಯಾಯಾಮ: ದಿನ ಬಿಟ್ಟು ದಿನ 8 ಸಲದ ಎರಡು ಸುತ್ತು, ಕೂರುವಾಗ ಮೂರು ಎಣಿಸುತ್ತಾ ನಿಧಾನ. ಜೊತೆಗೆ ಚಂದ್ರವಳ್ಳಿ ಕಡೆ ಸಮತಟ್ಟಿನಲ್ಲಿ ಅರ್ಧ ಗಂಟೆ, ವಾರಕ್ಕೆ ಐದು ದಿನ, ಮಾತಾಡಬಹುದು ಆದರೆ ಹಾಡಲಿಕ್ಕಾಗದು ಅನ್ನೋ ವೇಗ. ಇಳಿಜಾರು ಆಮೇಲೆ ನೋಡೋಣ. ಎದೆನೋವು, ತಲೆಸುತ್ತು ಇದ್ದರೆ ಮೊದಲು ಡಾಕ್ಟರ ಹತ್ತಿರ.

ಬಿಪಿ ಮಾತ್ರೆ ಅಂದಿರಲ್ಲ: ಐದು ನಿಮಿಷ ಮಲಗಿದ ಮೇಲೆ ಒಮ್ಮೆ, ಎದ್ದು ನಿಂತ 1ನೇ ಮತ್ತು 3ನೇ ನಿಮಿಷಕ್ಕೆ ಮತ್ತೆ ಬಿಪಿ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತೋರಿಸಿ, ಮಾತ್ರೆ ನೀವೇ ನಿಲ್ಲಿಸಬೇಡಿ. ರಾತ್ರಿ ಬಚ್ಚಲಿಗೆ ಎದ್ದವರು ಬೀಳೋದಕ್ಕೆ ಇದೂ ಒಂದು ಕಾರಣ.

ಕೋಟೆಬಯಲು:
ಬೀಜ ಕೈಬಿಟ್ಟೆ. ಸೊಂಟ, ಕತ್ತು ಬಿಗಿ ಇದೆ ಅಂತಾರೆ, ವಯಸ್ಸಿನದೇ ಇರಬಹುದಾ? ಬೋರ್ ನೀರು, ಕಾಯಿಸಿಯೇ ಕುಡಿಯೋದು.

ನವಣೆಹೊಲ:
ದುರ್ಗದ ಬೋರ್ ನೀರು ಅಂದಮೇಲೆ ಫ್ಲೋರೈಡ್ ಪರೀಕ್ಷೆ ಮಾಡಿಸಲೇಬೇಕು. ಅದು ಹೆಚ್ಚಾಗಿದ್ದರೆ ವರ್ಷಗಟ್ಟಲೆ ಮೂಳೆಯಲ್ಲಿ ಸೇರಿ ಸೊಂಟ, ಕತ್ತು ಹೀಗೇ ಬಿಗಿಯಾಗಬಹುದು. ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿಲಿಗ್ರಾಂ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಕಾಯಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಇಂಗಿದಷ್ಟೂ ಸಾಂದ್ರತೆ ಏರುತ್ತೆ. ಪಂಪ್ ಐದು ನಿಮಿಷ ಓಡಿಸಿ, ಅದೇ ನೀರಿನಲ್ಲಿ ಮೂರು ಸಲ ತೊಳೆದ ಪ್ಲಾಸ್ಟಿಕ್ ಬಾಟಲಿಯಲ್ಲಿ ಮಾದರಿ ಹಿಡಿಯಿರಿ (ಗಾಜು ಬೇಡ). ಪಕ್ಕದ ಮನೆಯ ವರದಿ ನಂಬಬೇಡಿ, ಬೋರಿನಿಂದ ಬೋರಿಗೆ ಬೇರೆ ಇರುತ್ತೆ. ಹೆಚ್ಚು ಬಂದರೆ ಆರ್‌ಓ ನೀರು ಕುಡಿಯೋದಕ್ಕಷ್ಟೇ ಅಲ್ಲ, ಮುದ್ದೆಗೂ ಸಾರಿಗೂ ಅದೇ ಬಳಸಿ. ವರದಿ ಹಿಡಿದು ಮೂಳೆ ವೈದ್ಯರ ಹತ್ತಿರ ಹೋಗಿ, ಎಕ್ಸ್‌ರೇ ಬೇಕೋ ಅವರು ಹೇಳ್ತಾರೆ.