ಬ್ರಾಯ್ಲರ್ ಹೊಟ್ಟೆಕೊಬ್ಬು: ತಪ್ಪು ಮರಿಯದೋ, ಫೀಡಿನದೋ? (ಅಡ್ಡಹೆಸರಿನ ನಾಲ್ವರ ಚರ್ಚೆ)

ಮೆಕ್ಕೆಜೋಳ: ಬ್ರಾಯ್ಲರ್ ಕೊಯ್ದಾಗ ಹಳದಿ ಕೊಬ್ಬಿನ ಮುದ್ದೆ ಕಂಡರೆ ಎಲ್ಲರೂ ಫೀಡನ್ನೇ ಬೈಯುತ್ತಾರೆ. ಆದರೆ ಹೊಟ್ಟೆಕೊಬ್ಬಿನ ಆನುವಂಶಿಕತೆ ಸುಮಾರು 0.5. ಅಂದರೆ ಅರ್ಧ ಕೊಬ್ಬು ಜೀನಿನದು! ಮಯೋಸ್ಟಾಟಿನ್ ಅನ್ನುವ ಒಂದು ಜೀನ್ ಕೆಡಿಸಿದರೆ ಮಾಂಸ ಹೆಚ್ಚಿ ಕೊಬ್ಬು ಇಳಿಯುತ್ತದೆ. ಕಂಪನಿಗಳು ಯಾಕೆ ಸುಮ್ಮನಿವೆ?

ಲೈಸಿನ್: 0.5 ಅನ್ನು ಹಾಗೆ ಓದಬಾರದು. ಒಂದೇ ಶೆಡ್ಡು, ಒಂದೇ ಫೀಡ್ ಇರುವ ಹಿಂಡಿನಲ್ಲಿ ಕೋಳಿಯಿಂದ ಕೋಳಿಗೆ ಕಾಣುವ ವ್ಯತ್ಯಾಸದಲ್ಲಿ ಅರ್ಧದಷ್ಟು ತಳಿಗುಣದಿಂದ ಬಂದದ್ದು, ಅಷ್ಟೇ. ಇಡೀ ಹಿಂಡಿನ ಸರಾಸರಿಯನ್ನು ಫೀಡ್ ಏರಿಸಬಲ್ಲದು. ಫಿನಿಷರ್‌ನಲ್ಲಿ, ಅಂದರೆ ಕೊನೆಯ ಹಂತದ ಫೀಡಿನಲ್ಲಿ, ಕಿಲೊಗೆ 3200 ಕಿಲೊಕ್ಯಾಲರಿ ಶಕ್ತಿಗೆ ಶೇ 20 ಪ್ರೋಟೀನ್ ಇದ್ದರೆ ಶಕ್ತಿ-ಪ್ರೋಟೀನ್ ಅನುಪಾತ 160. ಸೋಯಾ ದುಬಾರಿ ಅಂತ ಪ್ರೋಟೀನನ್ನು 17ಕ್ಕೆ ಇಳಿಸಿ ಮೆಕ್ಕೆಜೋಳ ತುಂಬಿದರೆ 188. ಪ್ರೋಟೀನ್ ಕಟ್ಟುವ ಅಮೈನೊ ಆಮ್ಲ ಸಾಲದ ಕೋಳಿ ಅದನ್ನು ತುಂಬಿಕೊಳ್ಳಲು ಇನ್ನಷ್ಟು ತಿನ್ನುತ್ತದೆ. ಮಿಕ್ಕ ಶಕ್ತಿ ಕೊಬ್ಬಾಗಿ ಕೂರುತ್ತದೆ. ಲೈಸಿನ್, ಮೆಥಿಯೊನಿನ್, ಥ್ರಿಯೊನಿನ್ ಎಂಬ ಅಮೈನೊ ಆಮ್ಲಗಳನ್ನು ಬೇರೆಯಾಗಿ ಸೇರಿಸಿ ಸರಿದೂಗಿಸಿದರೆ ಇಷ್ಟು ಕೆಡುವುದಿಲ್ಲ.

ಕಾವುಪೆಟ್ಟಿಗೆ: ಮಯೋಸ್ಟಾಟಿನ್ ಸುದ್ದಿ ಸುಳ್ಳಲ್ಲ. ದಕ್ಷಿಣ ಕೊರಿಯಾದವರು ಕ್ರಿಸ್ಪರ್ ಅನ್ನುವ ಜೀನ್ ತಿದ್ದುವ ಉಪಕರಣ ಬಳಸಿ ಆ ಜೀನ್ ಕೆಲಸ ಮಾಡದ ಕೋಳಿಗಳನ್ನು ತಯಾರಿಸಿ 2020ರಲ್ಲಿ ಪ್ರಕಟಿಸಿದರು. ಎದೆ, ಕಾಲಿನ ಮಾಂಸ ಹೆಚ್ಚಿತ್ತು, ಹೊಟ್ಟೆಕೊಬ್ಬು ತಗ್ಗಿತ್ತು. ತೊಡಕಿರುವುದು ಅದನ್ನು ಮಾಡುವ ದಾರಿಯಲ್ಲಿ. ಮೊಟ್ಟೆ ಇಡುವ ಹೊತ್ತಿಗೇ ಭ್ರೂಣದಲ್ಲಿ ಹತ್ತಾರು ಸಾವಿರ ಕೋಶಗಳಿರುತ್ತವೆ. ಇಲಿಯಲ್ಲಿ ಮಾಡಿದಂತೆ ಒಂದೇ ಕೋಶಕ್ಕೆ ಸೂಜಿ ಹಾಕುವಂತಿಲ್ಲ. ಭ್ರೂಣದಿಂದ ಆದಿಮ ಲೈಂಗಿಕ ಕೋಶ (ಮುಂದೆ ವೀರ್ಯಾಣು, ಅಂಡಾಣು ಆಗುವಂಥವು) ತೆಗೆದು, ಪ್ರಯೋಗಾಲಯದಲ್ಲಿ ಬೆಳೆಸಿ, ತಿದ್ದಿ, ಎರಡೂವರೆ ಮೂರು ದಿನದ ಇನ್ನೊಂದು ಭ್ರೂಣದ ರಕ್ತನಾಳಕ್ಕೆ ಬಿಡಬೇಕು. ಹುಟ್ಟುವುದು ತನ್ನ ಕೋಶಗಳ ಜೊತೆ ತಿದ್ದಿದ ಕೋಶಗಳೂ ಬೆರೆತ ಹುಂಜ. ಅದರ ಕೆಲವು ಮಕ್ಕಳಲ್ಲಿ ತಿದ್ದಿದ ಜೀನಿನ ಒಂದು ಪ್ರತಿ, ಅವುಗಳನ್ನು ತಮ್ಮೊಳಗೇ ಕೂಡಿಸಿದರೆ ಮೊಮ್ಮಕ್ಕಳಲ್ಲಿ ಸುಮಾರು ನಾಲ್ಕಕ್ಕೊಂದರಲ್ಲಿ ಎರಡೂ ಪ್ರತಿ.

ಜವಾರಿ ಹುಂಜ: ಒಂದು ಜೀನ್ ಹಿಡಿದು ಕುಂತ್ರೆ ಆಗಲ್ರೀ. ಅಮೆರಿಕದ ವರ್ಜೀನಿಯಾದಲ್ಲಿ 1957ರಿಂದ ಬಿಳಿ ಪ್ಲಿಮತ್ ರಾಕ್ ಅನ್ನೋ ತಳಿಯ ಒಂದೇ ಮೂಲದಿಂದ ಎರಡು ಸಾಲು ಬೆಳೆಸಿದ್ದಾರೆ, ಒಂದಕ್ಕೆ ಭಾರದವನ್ನೇ, ಇನ್ನೊಂದಕ್ಕೆ ಹಗುರದವನ್ನೇ ಆರಿಸಿ, ಎಂಟು ವಾರದ ತೂಕ ಒಂದೇ ಅಳತೆ. ಈಗ ಭಾರದ ಸಾಲು ಹಗುರದ ಸಾಲಿಗಿಂತ ಎಂಟು ಪಟ್ಟಿಗೂ ಮಿಗಿಲು. ಹುಡುಕಿದ್ರೆ ಸಿಕ್ಕಿದ್ದು ಸಣ್ಣ ಸಣ್ಣ ಪ್ರಭಾವದ ಹತ್ತಾರು ಜಾಗ, ಒಂದು ದೊಡ್ಡ ಜೀನಲ್ಲ. ಭಾರದ ಸಾಲಿಗೆ ಹಸಿವೂ ಜಾಸ್ತಿ, ಬೊಜ್ಜೂ ಜಾಸ್ತಿ. ಇನ್ನು "ಹಾರ್ಮೋನ್ ಚುಚ್ಚುತ್ತಾರೆ" ಅನ್ನೋರಿಗೆ ಬೇರೊಂದು ಪ್ರಯೋಗದ ಮಾತು: 1957ರ ಮಾಂಸದ ಕೋಳಿ ತಳಿ 56 ದಿನಕ್ಕೆ 905 ಗ್ರಾಂ, 2005ರದ್ದು 4.2 ಕಿಲೊ. ಎರಡಕ್ಕೂ ಒಂದೇ ಫೀಡು ಹಾಕಿ ತೂಗಿದ್ದು, ಸೂಜಿ ಇಲ್ಲ.

ಮೆಕ್ಕೆಜೋಳ: ತೂಕಕ್ಕೆ ಆರಿಸಿದರೆ ಬೊಜ್ಜು ಬರುತ್ತದೆ ಅಂತೀರಿ. ಹಾಗಾದರೆ ಇಂದಿನ ಬ್ರಾಯ್ಲರ್ ಕೊಬ್ಬಿನ ಮೂಟೆ ಆಗಬೇಕಿತ್ತಲ್ಲ?

ಲೈಸಿನ್: ಎಫ್‌ಸಿಆರ್, ಅಂದರೆ ಒಂದು ಕಿಲೊ ತೂಕ ಏರಲು ಎಷ್ಟು ಕಿಲೊ ಫೀಡ್ ಬೇಕು ಅನ್ನುವ ಲೆಕ್ಕ, ತಡೆಯಿತು. ಮಾಂಸದಲ್ಲಿ ಮುಕ್ಕಾಲು ಪಾಲು ನೀರು, ಕೊಬ್ಬಿನಲ್ಲಿ ನೀರು ಅತ್ಯಲ್ಪ. ಒಂದು ಗ್ರಾಂ ಕೊಬ್ಬು ಕಟ್ಟಲು ತಗಲುವ ಫೀಡ್ ಬಹಳ ಹೆಚ್ಚು. ಕಡಿಮೆ ಫೀಡಿನಲ್ಲಿ ತೂಕ ಕೊಡುವ ಕೋಳಿಯನ್ನು ಆರಿಸಿದಾಗ ಕೊಬ್ಬು ತಾನಾಗಿ ಸೋಸಿಹೋಯಿತು.

ಕಾವುಪೆಟ್ಟಿಗೆ: ಸೋಸಿಹೋಯಿತು ಅನ್ನುವುದನ್ನು ಪೂರ್ತಿ ಒಪ್ಪಲಾರೆ. ಎದೆಯ ನಾರುಗಳ ಸಂಖ್ಯೆ ಮರಿ ಒಡೆಯುವ ಮೊದಲೇ ಹೆಚ್ಚುಕಡಿಮೆ ನಿಗದಿ. ಆಮೇಲೆ ನಾರು ದಪ್ಪಗಾಗುವುದಷ್ಟೇ. ಆ ದಪ್ಪಕ್ಕೆ ತಕ್ಕಂತೆ ರಕ್ತನಾಳ ಬೆಳೆಯದಿದ್ದರೆ ಆಮ್ಲಜನಕ ಸಾಲದೆ ನಾರು ಸಾಯುತ್ತದೆ, ಆ ಜಾಗಕ್ಕೆ ಗಟ್ಟಿ ಅಂಗಾಂಶ, ಕೊಬ್ಬು ಬರುತ್ತವೆ. ಹಲಗೆಯಂಥ ಗಟ್ಟಿ ಎದೆ, ಎದೆಮಾಂಸದ ಬಿಳಿ ಗೆರೆ ಅನ್ನುವ ಎರಡು ದೋಷಗಳ ಹಿಂದೆಯೂ ಇದಿದೆ ಅನ್ನುವುದು ಬಲವಾದ ಊಹೆ. ಹೊಟ್ಟೆಯಲ್ಲಿ ತಗ್ಗಿದ್ದು ಎದೆಯಲ್ಲಿ ಗೆರೆಯಾಗಿ ಕಾಣುತ್ತಿದೆ!

ಜವಾರಿ ಹುಂಜ: ಅದಕ್ಕೇ ಮೊದಲ ವಾರ ಮುಖ್ಯ. ನಾರು ದಪ್ಪ ಆಗೋಕೆ ಸ್ಯಾಟಲೈಟ್ ಕೋಶ (ನಾರಿಗೆ ಅಂಟಿಕೊಂಡಿರೋ, ಅದನ್ನ ಬೆಳೆಸೋ ಕೋಶ) ಬೇಕು, ಅವು ಹೆಚ್ಚೋದು ಮರಿ ಒಡೆದ ಶುರುವಿನ ದಿನಗಳಲ್ಲೇ. ಮರಿ ಪೆಟ್ಟಿಗೆ ಎರಡು ದಿನ ಲಾರಿಯಲ್ಲಿ ಉಪವಾಸ ಇದ್ರೆ ಆ ನಷ್ಟ ಕೊಯ್ಯೋವಾಗ ಎದೆಮಾಂಸದಲ್ಲಿ ಕಾಣುತ್ತೆ. ತಳಿ ಎಷ್ಟೇ ಚೆನ್ನಾಗಿರ್ಲಿ.

ಮೆಕ್ಕೆಜೋಳ: ಸರಿ, ಶೆಡ್ಡಿನಲ್ಲಿ ತಪ್ಪು ಎಲ್ಲಿದೆ ಅಂತ ಹಿಡಿಯುವುದು ಹೇಗೆ?

ಲೈಸಿನ್: ಹೆಣ್ಣು, ಗಂಡು ಬೇರೆ ಮಾಡಿ, ಹೆಣ್ಣಿನಲ್ಲಿ ಕೊಬ್ಬು ಸಹಜವಾಗಿಯೇ ಹೆಚ್ಚು, ಬೆರೆಸಿ ತೂಗಿದರೆ ಲೆಕ್ಕ ಹಾಳು. ಗಿಜರ್ಡ್ (ಕಾಳು ಅರೆಯುವ ಹೊಟ್ಟೆ) ಸುತ್ತಲಿನ ಕೊಬ್ಬನ್ನೂ ಸೇರಿಸಿ ಹೊಟ್ಟೆಕೊಬ್ಬನ್ನು ತೂಗಿ, ಜೀವಂತ ತೂಕಕ್ಕೆ ಶೇಕಡಾ ಹಾಕಿ. ಎಲ್ಲವೂ ಸಮನಾಗಿ ಕೊಬ್ಬಿದ್ದರೆ ಫೀಡಿನ ಅನುಪಾತ ನೋಡಿ. ಬೇಸಿಗೆ ಬ್ಯಾಚಿನಲ್ಲಿ ಮಾತ್ರ ಏರಿದ್ದರೆ ಅದು ಸೆಕೆ: ಬಿಸಿಯಲ್ಲಿ ಎದೆ ಕುಗ್ಗುತ್ತದೆ, ಕೊಬ್ಬು ಹೆಚ್ಚುತ್ತದೆ. ಅದೇ ಫೀಡು, ಅದೇ ಹವೆ ಇದ್ದೂ ಮರಿಯ ಮೂಲ ಬದಲಾದಾಗ ಮಾತ್ರ ಏರಿದರೆ ಆಗ ತಳಿಯನ್ನು ಕೇಳಿ.