ಸಹಾಯ ಬೇಕು: ವಿಎನ್‌ಸಿ ಕನೆಕ್ಟ್ ಆಗುತ್ತೆ, ಆದರೆ ಬರೀ ಕಪ್ಪು ಸ್ಕ್ರೀನ್

ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ, ಗೊತ್ತಿರೋರು ಹೇಳಿ. ದೂರದಲ್ಲಿರುವ ಉಬುಂಟು ಸರ್ವರ್‌ಗೆ ನನಗೆ ಇರೋದು ಎಸ್‌ಎಸ್‌ಎಚ್ (ದೂರದಿಂದ ಕಮಾಂಡ್ ಕೊಡುವ ಸುರಕ್ಷಿತ ಸಂಪರ್ಕ) ಮಾತ್ರ, ಹಾಗಾಗಿ ಎಲ್ಲಾ ಟರ್ಮಿನಲ್‌ನಿಂದಲೇ ಮಾಡಬೇಕು. ಟೈಗರ್‌ವಿಎನ್‌ಸಿ (ದೂರದ ಕಂಪ್ಯೂಟರ್ ಸ್ಕ್ರೀನ್ ಇಲ್ಲಿ ತೋರಿಸೋ ವಿಎನ್‌ಸಿ ಸಾಫ್ಟ್‌ವೇರ್), ಎಕ್ಸ್‌ಎಫ್‌ಸಿಇ (ಹಗುರವಾದ ಡೆಸ್ಕ್‌ಟಾಪ್) ಎರಡೂ ಹಾಕಿ ಪಾಸ್‌ವರ್ಡ್ ಕೊಟ್ಟು, ಡಿಸ್‌ಪ್ಲೇ 1ರಲ್ಲಿ ಸರ್ವರ್ ಶುರು ಮಾಡಿದೆ.

ಮೊದಲು ಕನೆಕ್ಟೇ ಆಗಲಿಲ್ಲ. ನೋಡಿದರೆ ಡಿಸ್‌ಪ್ಲೇ 1ರ 5901 ಪೋರ್ಟ್ 127.0.0.1ರಲ್ಲಿ, ಅಂದ್ರೆ ಸರ್ವರ್ ಒಳಗಿನಿಂದ ಬರೋ ಕನೆಕ್ಷನ್‌ಗೆ ಮಾತ್ರ ತೆರೆದಿತ್ತು, ನಾನು ಸುಮ್ನೆ ಫೈರ್‌ವಾಲ್ ಬೈಯ್ಕೊಂಡು ಅರ್ಧ ದಿನ ಹಾಳು ಮಾಡಿದ್ದೆ! ಎಸ್‌ಎಸ್‌ಎಚ್ ಟನಲ್ ಹಾಕಿ ಆ ಪೋರ್ಟನ್ನು ಎಸ್‌ಎಸ್‌ಎಚ್ ಮೂಲಕ ತಂದ ಮೇಲೆ ಅದು ಸರಿಹೋಯಿತು. ಈಗ ಪಾಸ್‌ವರ್ಡ್ ಕೇಳುತ್ತೆ, ಒಳಗೆ ಬಿಡುತ್ತೆ, ಆಮೇಲೆ ಬರೀ ಕಪ್ಪು, ಮಧ್ಯೆ ಮೌಸ್ ಬಾಣ ಒಂದೇ ಓಡಾಡುತ್ತೆ.

ಎಕ್ಸ್‌ಸ್ಟಾರ್ಟ್ಅಪ್ ಫೈಲ್‌ನಲ್ಲಿ (ವಿಎನ್‌ಸಿ ಶುರುವಾದಾಗ ಓಡೋ ಸ್ಕ್ರಿಪ್ಟ್) ಎಕ್ಸ್‌ಎಫ್‌ಸಿಇ ಶುರು ಮಾಡುವ ಸಾಲು ಇದೆ. ಫೈಲ್‌ಗೆ ಎಕ್ಸಿಕ್ಯೂಟ್ ಪರ್ಮಿಷನ್ ಕೊಟ್ಟಿದ್ದೇನೆ. ಡಿಸ್‌ಪ್ಲೇ ಕಿಲ್ ಮಾಡಿ ಮತ್ತೆ ಶುರು ಮಾಡಿಯೂ ನೋಡಿದೆ, ಅದೇ ಕಥೆ. ಸೆಷನ್ ಮ್ಯಾನೇಜರ್, ಡಿಬಸ್ (ಪ್ರೋಗ್ರಾಂಗಳು ಪರಸ್ಪರ ಮಾತಾಡೋ ವ್ಯವಸ್ಥೆ) ವೇರಿಯಬಲ್‌ಗಳನ್ನು ಅನ್‌ಸೆಟ್ ಮಾಡು ಅಂತ ಒಬ್ಬರು ಹೇಳಿದರು, ಆದರೆ ಅದನ್ನು ಫೈಲ್ ಒಳಗೆ ಬರೆಯಬೇಕಾ ಅಥವಾ ಸರ್ವರ್ ಶುರು ಮಾಡುವ ಮೊದಲು ಟರ್ಮಿನಲ್‌ನಲ್ಲಿ ಕೊಡಬೇಕಾ ಅನ್ನೋದೇ ಗೊತ್ತಾಗ್ತಿಲ್ಲ. ಗೊತ್ತಿಲ್ಲದೆ ಎಲ್ಲಾ ಬದಲಾಯಿಸಿ ಇರೋದೂ ಕೆಟ್ಟರೆ ಅಂತ ಭಯ.

ಆ ಸಾಲುಗಳು ಎಲ್ಲಿ ಬರಬೇಕು, ಎಕ್ಸ್‌ಎಫ್‌ಸಿಇ ಸಾಲಿಗಿಂತ ಮೊದಲಾ ನಂತರವಾ? ನಿಮ್ಮಲ್ಲಿ ಸರಿಯಾಗಿ ಓಡುತ್ತಿರುವ ಎಕ್ಸ್‌ಸ್ಟಾರ್ಟ್ಅಪ್ ಫೈಲ್ ಇದ್ದರೆ ಇಲ್ಲಿ ಹಾಕ್ತೀರಾ?