ಮೊದಲ ಸಲ ಬೆದೆಗೆ ಬಂದ ಹೆಣ್ಣು ನಾಯಿ: ರಕ್ತ ನಿಲ್ಲುವ ತನಕ ಬೇರೆ ಇಟ್ಟರೆ ಸಾಕಾ?

ಪ್ರಶ್ನೆ

ನಮ್ಮ ಹೆಣ್ಣು ಲ್ಯಾಬ್ರಡಾರ್‌ಗೆ ಈಗ ಹತ್ತು ತಿಂಗಳು. ನಿನ್ನೆಯಿಂದ ಅವಳು ಮಲಗಿದಲ್ಲೆಲ್ಲ ರಕ್ತದ ಕಲೆ, ಹಿಂದೆ ಬಾತುಕೊಂಡಿದೆ, ಸುಮ್ಮನೆ ನೆಕ್ಕಿಕೊಳ್ಳುತ್ತಲೇ ಇರುತ್ತಾಳೆ. ಮನೆಯಲ್ಲಿ ಆಪರೇಷನ್ ಆಗದ ಗಂಡು ನಾಯಿಯೂ ಇದೆ. ರಕ್ತ ನಿಲ್ಲುವ ತನಕ ಇಬ್ಬರನ್ನೂ ಬೇರೆ ಇಟ್ಟರೆ ಸಾಕಾ? ಡೈಪರ್ ಹಾಕಬಹುದಾ? ಸ್ನಾನ, ಊಟ, ವಾಕಿಂಗ್ ಹೇಗೆ? ಬೆದೆ ನಿಲ್ಲಿಸುವ ಇಂಜೆಕ್ಷನ್ ಇದೆಯಂತೆ, ಕೊಡಿಸಬಹುದಾ?

ಉತ್ತರ 1

ಸಾಲದು. ರಕ್ತ ನಿಂತಿತು ಅಂತ ಬಿಟ್ಟವರ ನಾಯಿಗಳೇ ಹೆಚ್ಚಾಗಿ ಗಬ್ಬ ಆಗುವುದು. ಯಾಕೆಂದರೆ ಕೆಂಪು ರಕ್ತ ಹೋಗುವ ಮೊದಲ ಹಂತದಲ್ಲಿ (ಸುಮಾರು 9 ದಿನ, ಕೆಲವಕ್ಕೆ 3, ಕೆಲವಕ್ಕೆ 17) ಹೆಣ್ಣು ಗಂಡನ್ನು ಹತ್ತಿರ ಸೇರಿಸುವುದಿಲ್ಲ. ಗುರ್ ಅನ್ನುತ್ತದೆ, ಕೂತುಬಿಡುತ್ತದೆ. ಆಮೇಲೆ ಸ್ರಾವದ ಬಣ್ಣ ತೆಳುವಾಗಿ ನಸುಗೆಂಪಿಗೋ ಒಣಹುಲ್ಲಿನ ಬಣ್ಣಕ್ಕೋ ತಿರುಗುತ್ತದೆ, ಬಾವು ಸ್ವಲ್ಪ ಮೆತ್ತಗಾಗುತ್ತದೆ. ನೆಲದ ಮೇಲೆ ಕಲೆಯೇ ಕಾಣುವುದಿಲ್ಲ, ಮನೆಯವರು ಮುಗಿಯಿತು ಅಂದುಕೊಳ್ಳುತ್ತಾರೆ. ಅಂಡ ಬಿಡುಗಡೆಯಾಗುವುದು ಆ ದಿನಗಳಲ್ಲೇ.

ದಿನಾ ಬೆಳಿಗ್ಗೆ ಬಿಳಿ ಟಿಶ್ಯೂ ಒತ್ತಿ ಬಣ್ಣ ನೋಡಿ, ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಬಾಲದ ಬುಡದ ಹತ್ತಿರ ಕೆರೆದಾಗ ಬಾಲವನ್ನು ಪಕ್ಕಕ್ಕೆ ಸರಿಸಿ ಕಾಲೂರಿ ನಿಂತರೆ ಎರಡನೇ ಹಂತ ಬಂದಿದೆ ಅಂತಲೇ ತಿಳಿಯಿರಿ. ಅದು 3 ದಿನವೂ ಇರಬಹುದು, 21 ದಿನವೂ ಇರಬಹುದು. ಮೊದಲ ಹನಿ ಕಂಡ ದಿನದಿಂದ ಪೂರ್ತಿ 4 ವಾರ ಬೇರೆ ಇಡಿ. ಅಷ್ಟಾದರೂ ಬಾವು ಇಳಿದಿಲ್ಲವೆಂದರೆ ಇನ್ನೊಂದು ವಾರ.

ಮೊದಲ ಬೆದೆಯಲ್ಲೇ ಹೆಚ್ಚಾಗಿ ಕಾಣುವ ಇನ್ನೊಂದು ವಿಷಯವಿದೆ. ಕೆಲವು ದಿನ ರಕ್ತ ಹೋಗಿ, ಅಂಡ ಬಿಡುಗಡೆಯಾಗದೆ ಎಲ್ಲ ನಿಂತುಹೋಗುತ್ತದೆ. ಕೆಲವು ವಾರ ಕಳೆದು ಮತ್ತೆ ಶುರುವಾಗುತ್ತದೆ. ಆ ಎರಡನೆಯದೇ ನಿಜವಾಗಿ ಗಬ್ಬ ಕಟ್ಟುವ ಬೆದೆ. ವಾರದೊಳಗೆ ಎಲ್ಲ ಮುಗಿದಂತೆ ಕಂಡರೆ ಮುಂದಿನ ಎರಡು ಮೂರು ತಿಂಗಳು ಕಣ್ಣಿಟ್ಟಿರಿ.

ಗಂಡು ನಾಯಿಯ ವಿಷಯ: ಒಂದು ಬಾಗಿಲು ನಂಬಬೇಡಿ, ನಡುವೆ ಎರಡು ಬಾಗಿಲು ಇರಲಿ. ಗ್ರಿಲ್ ಅಥವಾ ಜಾಲರಿ ಅಡ್ಡ ಇದ್ದರೂ ಕೂಡಬಲ್ಲವು. ಅಣ್ಣ ತಂಗಿ, ಅಪ್ಪ ಮಗಳು ಅನ್ನುವ ಭೇದ ನಾಯಿಗಿಲ್ಲ. ಈಗ ಅವಸರದಲ್ಲಿ ಗಂಡಿಗೆ ಆಪರೇಷನ್ ಮಾಡಿಸಿದರೂ ಈ ಬೆದೆಗೆ ಪ್ರಯೋಜನವಿಲ್ಲ, ಅದಾದ ಮೇಲೂ ಕೆಲವು ವಾರ ವೀರ್ಯ ಉಳಿದಿರುತ್ತದೆ. ಸಾಧ್ಯವಾದರೆ ಅವನನ್ನೇ ಬೇರೆ ಮನೆಯಲ್ಲಿ ಬಿಡಿ. ವಾಸನೆಗೆ ಊಟ ಬಿಟ್ಟು ಹಗಲೂ ರಾತ್ರಿ ಅಳುತ್ತಾನೆ, ಪಾಪ, ಅವನಿಗೂ ಹಿಂಸೆ.

ಉತ್ತರ 2

ಡೈಪರ್ ಹಾಕಬಹುದು, ಆದರೆ ಅದು ನೆಲ ಕಾಪಾಡುವುದಕ್ಕೆ ಮಾತ್ರ. ಗಂಡು ನಾಯಿ ಅದನ್ನು ಕಿತ್ತುಹಾಕಲು ಒಂದು ನಿಮಿಷ ಬೇಡ. 3–4 ಗಂಟೆಗೊಮ್ಮೆ ಬದಲಾಯಿಸಿ, ಹೊರಗೆ ಹೋಗುವಾಗ ಬಿಚ್ಚಿ, ರಾತ್ರಿ ಬೇಡವೇ ಬೇಡ. ಒದ್ದೆ ಡೈಪರ್ ಒಳಗೆ ಚರ್ಮ ಬೆಂದು ಕೆಂಪಾಗುತ್ತದೆ, ಅಲ್ಲಿಂದ ಮೂತ್ರದ ಸೋಂಕು. ನೆಕ್ಕಿಕೊಳ್ಳುವುದನ್ನು ತಡೆಯಬೇಡಿ, ತನ್ನನ್ನು ತಾನು ಶುಚಿ ಮಾಡಿಕೊಳ್ಳುವ ದಾರಿ ಅದೇ. ನೀವು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಹೊರಗಡೆ ಮಾತ್ರ ಒರೆಸಿ, ಒಣಗಿಸಿ. ಡೆಟಾಲ್, ಸೋಪು ಬೇಡ, ಒಳಗೆ ಏನನ್ನೂ ಹಾಕಬೇಡಿ. ಸ್ನಾನ ಮಾಡಿಸಬಹುದು, ಆದರೆ ವಾಸನೆ ಹೋಗುತ್ತದೆ ಅಂತಲ್ಲ, ಹೋಗುವುದಿಲ್ಲ.

ವಾಕಿಂಗ್‌ಗೆ ಬೇರೆ ನಾಯಿಗಳು ಇಲ್ಲದ ಹೊತ್ತು ನೋಡಿ, ಗಟ್ಟಿ ಹಾರ್ನೆಸ್, ಗಿಡ್ಡ ಹಗ್ಗ. ಚೆನ್ನಾಗಿ ಕಲಿತ ನಾಯಿ ಕೂಡ ಈಗ ಕರೆದರೆ ಬರುವುದಿಲ್ಲ. ಹಿತ್ತಲಿನಲ್ಲೂ ಒಂಟಿಯಾಗಿ ಬಿಡಬೇಡಿ. ಮೂತ್ರಕ್ಕೆ ಪದೇ ಪದೇ ಹೋಗುವುದು ಸಹಜ, ಮನೆಯೊಳಗೆ ಮಾಡಿದರೆ ಗದರಬೇಡಿ. ಮೂತ್ರಕ್ಕೆ ತಿಣುಕಿದರೆ, ಹನಿ ಹನಿ ಬಂದರೆ ಡಾಕ್ಟರಿಗೆ ತೋರಿಸಿ.

ಊಟ ಎಂದಿನದೇ ಇರಲಿ. ಒಂದೆರಡು ದಿನ ಕಡಿಮೆ ತಿಂದರೆ ಚಿಂತೆಯಿಲ್ಲ. ಹೋಗುವ ರಕ್ತ ಸ್ವಲ್ಪವೇ, ಟಾನಿಕ್ ಬೇಕಿಲ್ಲ. ನೋವಿರಬಹುದು ಅಂತ ಮನುಷ್ಯರ ಮಾತ್ರೆ ಖಂಡಿತ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿಯನ್ನೂ ಕೆಡಿಸುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಇಷ್ಟೆಲ್ಲ ಮಾಡಿಯೂ ಕೂಡಿಬಿಟ್ಟರೆ? ಮತ್ತೆ ಆ ಇಂಜೆಕ್ಷನ್?

ಉತ್ತರ 3

ಕೂಡಿ ಅಂಟಿಕೊಂಡಿದ್ದರೆ ಎಳೆಯಬೇಡಿ, ನೀರು ಎರಚಬೇಡಿ. ಗಂಡಿನ ಅಂಗದ ಬುಡ ಒಳಗೆ ಊದಿ ಸಿಕ್ಕಿಕೊಂಡಿರುತ್ತದೆ, ಎಳೆದರೆ ಎರಡಕ್ಕೂ ಗಾಯ. ಹೆಣ್ಣಿನ ಕತ್ತುಪಟ್ಟಿ ಹಿಡಿದು ಸಮಾಧಾನ ಮಾಡುತ್ತಿರಿ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಒಂದು ಸಲವೇ ಆದರೂ ಗಬ್ಬ ಆಗಬಹುದು, ವೀರ್ಯ ಒಳಗೆ ಐದಾರು ದಿನ ಬದುಕಿರುತ್ತದೆ. ಒಂದೆರಡು ದಿನದಲ್ಲೇ ಪಶುವೈದ್ಯರನ್ನು ಕಾಣಿ. ಗಬ್ಬ ನಿಲ್ಲಿಸುವ ಅಗ್ಲೆಪ್ರಿಸ್ಟೋನ್ ಅನ್ನುವ ಇಂಜೆಕ್ಷನ್ ಸಿಗುವ ಕಡೆ 24 ಗಂಟೆ ಅಂತರದಲ್ಲಿ ಎರಡು ಸಲ ಕೊಡುತ್ತಾರೆ, ಕೂಡಿದ 45 ದಿನದೊಳಗೆ. ಹಳೆಯ ಈಸ್ಟ್ರೋಜನ್ ಇಂಜೆಕ್ಷನ್ ಒಪ್ಪಬೇಡಿ, ಅದು ಮೂಳೆಮಜ್ಜೆಯನ್ನೇ ಹಾಳುಮಾಡಬಹುದು.

ಬೆದೆ ತಡೆಯುವ ಇಂಜೆಕ್ಷನ್ ಸಾಮಾನ್ಯವಾಗಿ ಪ್ರೊಜೆಸ್ಟರಾನ್ ಹಾರ್ಮೋನ್ ಜಾತಿಯದು. ಶುರುವಾದ ಬೆದೆಗೆ ಕೊಟ್ಟರೆ ಗರ್ಭಕೋಶದಲ್ಲಿ ಕೀವು ತುಂಬುವ ಭಯ, ಪದೇ ಪದೇ ಕೊಟ್ಟರೆ ಮೊಲೆಯಲ್ಲಿ ಗಡ್ಡೆ. ನನ್ನ ಮಾತು: ಬೇಡ.

ಮರಿ ಬೇಡವಾದರೆ ಆಪರೇಷನ್ ಮಾಡಿಸಿ, ಆದರೆ ಈಗಲ್ಲ. ಈಗ ರಕ್ತನಾಳಗಳೆಲ್ಲ ಉಬ್ಬಿರುತ್ತವೆ. ಬೆದೆ ಮುಗಿದು ಎರಡರಿಂದ ಮೂರು ತಿಂಗಳಿಗೆ ಹೇಳಿಟ್ಟುಕೊಳ್ಳಿ. ಅಷ್ಟರೊಳಗೆ, ಆರರಿಂದ ಎಂಟು ವಾರಕ್ಕೆ, ಗಬ್ಬವಾಗದಿದ್ದರೂ ಕೆಲವು ನಾಯಿಗಳಿಗೆ ಹಾಲು ಬರುತ್ತದೆ, ಗೊಂಬೆಯನ್ನು ಮರಿಯಂತೆ ಅಪ್ಪಿಕೊಂಡು ಮಲಗುತ್ತವೆ. ಹಾಲು ಹಿಂಡಬೇಡಿ, ಹಿಂಡಿದಷ್ಟೂ ಬರುತ್ತದೆ. ಗೊಂಬೆ ಎತ್ತಿಡಿ, ಎರಡು ಮೂರು ವಾರದಲ್ಲಿ ತಾನೇ ಇಳಿಯುತ್ತದೆ. ಹಾಗೆ ಹಾಲು ಬಂದಿದ್ದರೆ ಅದು ಪೂರ್ತಿ ನಿಂತ ಮೇಲೆಯೇ ಆಪರೇಷನ್.

ಆದರೆ ಆ ಎರಡು ತಿಂಗಳಲ್ಲಿ ಅವಳು ಬಟ್ಟಲು ಬಟ್ಟಲು ನೀರು ಕುಡಿಯತೊಡಗಿದರೆ, ಮಂಕಾಗಿ ಊಟ ಬಿಟ್ಟರೆ, ವಾಂತಿ ಮಾಡಿದರೆ, ವಾಸನೆಯ ಕೀವು ಬಂದರೆ ಅದು ಗರ್ಭಕೋಶದ ಸೋಂಕು ಇರಬಹುದು. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಕೀವು ಹೊರಗೆ ಬರುವುದೇ ಇಲ್ಲ, ಹೊಟ್ಟೆ ಮಾತ್ರ ಉಬ್ಬುತ್ತದೆ. ಎಳೆ ವಯಸ್ಸಿನಲ್ಲಿ ಅಪರೂಪ, ಆದರೂ ನಾಳೆ ನೋಡೋಣ ಅನ್ನದೆ ಅವತ್ತೇ ಸ್ಕ್ಯಾನ್ ಮಾಡಿಸಿ.